ಬ್ರೇಕಿನ ಇಪ್ಪತ್ತಮೂರನೇ ದಿನ

ಅಕ್ಟೋಬರ್ ಒಂದನೇ ತಾರೀಖು ಬೆಳಿಗ್ಗೆ ನಾಲೆ ಆಫೀಸಿನ ಗೋಡೆಗೆ ಒಂದು ಕಾಗದ ಅಂಟಿತು. ಹೊರಗುತ್ತಿಗೆ ಏಜೆನ್ಸಿಯ ಅವಧಿ ನಿನ್ನೆಗೆ ಮುಗಿದಿದೆ, ಚುನಾವಣಾ ನೀತಿ ಸಂಹಿತೆ ಇರುವುದರಿಂದ ಹೊಸ ಟೆಂಡರು ಕರೆಯುವಂತಿಲ್ಲ, ಆದ್ದರಿಂದ ಮುಂದಿನ ಆದೇಶದವರೆಗೆ ನಲವತ್ತನಾಲ್ಕು ಮಂದಿ ನೌಕರರು ಕೆಲಸಕ್ಕೆ ಹಾಜರಾಗತಕ್ಕದ್ದಲ್ಲ. ಕೆಳಗೆ ಸೀಲು, ಸೀಲಿನ ಮೇಲೆ ವಕ್ರವಾದ ಒಂದು ಸಹಿ. ಹಿಂದಿನ ಮೂರು ತಿಂಗಳ ಸಂಬಳ ಬಂದಿಲ್ಲವಲ್ಲ, ಅದರ ಮಾತೇ ಕಾಗದದಲ್ಲಿ ಇರಲಿಲ್ಲ.

ಇದಕ್ಕೆ ನಾಲೆಯವರು ಇಟ್ಟ ಹೆಸರು ಬ್ರೇಕು. ಹೆಸರೇನೋ ಚೆನ್ನಾಗಿಯೇ ಇದೆ, ಆದರೆ ಬ್ರೇಕು ಬಿದ್ದದ್ದು ನಲವತ್ತನಾಲ್ಕು ಮನೆಗಳ ಒಲೆಗೆ ಮಾತ್ರ. ಪರ್ಮನೆಂಟಿನವರ ಸಂಬಳ ಮೂವತ್ತಕ್ಕೆ ಸರಿಯಾಗಿ ಬಂತು. ನಾಲೆಯ ನೀರಿಗೂ ಯಾರೂ ಹಾಜರಾಗಬೇಡ ಎಂದು ಹೇಳಿರಲಿಲ್ಲ. ಅದು ಪಾಂಡವಪುರದ ಕಡೆಯ ಕಬ್ಬಿನ ಗದ್ದೆಗಳ ನಡುವೆ ತನ್ನ ಪಾಡಿಗೆ ಹರಿಯುತ್ತಲೇ ಇತ್ತು.

ಗುಡ್ಡೇಕೊಪ್ಪಲಿನ ಸುಬ್ರಹ್ಮಣ್ಯ ಆ ನಲವತ್ತನಾಲ್ಕರಲ್ಲಿ ಒಬ್ಬ. ಕಮ್ಮಾರರ ಮನೆಯವನು, ಊರಿನವರಿಗೆ ಆಚಾರ್ರು. ಅಪ್ಪ ಕುಲುಮೆಯಲ್ಲಿ ನೇಗಿಲಿನ ಗುಳ ಬಡಿದು ಬದುಕಿದ. ಕಾರ್ಖಾನೆ ಗುಳಗಳು ಅಂಗಡಿಗೆ ಬಂದ ಮೇಲೆ ಮಗ ನಾಲೆಯ ನೀರುಗಂಟಿಯಾದ, ಅಂದರೆ ಗೇಟು ಎತ್ತಿ ಇಳಿಸಿ ನೀರು ಹಂಚುವ ಕೆಲಸ. ಒಂಬತ್ತು ವರ್ಷ ಹನ್ನೊಂದು ತಿಂಗಳು ಆಗಿತ್ತು. ಹತ್ತು ವರ್ಷ ತುಂಬಿದರೆ ಕೋರ್ಟಿಗೆ ಹೋಗಿ ಕಾಯಂ ಮಾಡಿಸಿಕೊಳ್ಳಬಹುದು ಎಂದು ಮಂಡ್ಯದ ವಕೀಲರು ಹೇಳಿದ್ದರು. ಇನ್ನು ಒಂದೇ ತಿಂಗಳು ಎನ್ನುವಾಗ ಕಾಗದ ಅಂಟಿತು. ದಡ ಕಾಣುವಾಗ ಹರಿಗೋಲು ಮುಗುಚಿದರೆ ಯಾರಿಗಾದರೂ ಹೊಟ್ಟೆ ಉರಿಯದೆ ಇರುತ್ತದೆಯೇ?

ನಾಲ್ಕು ವರ್ಷದ ಹಿಂದೆಯೂ ಹೀಗೆ ಒಂದು ಬ್ರೇಕು ಬಂದಿತ್ತು. ಆಗ ಸಾಹೇಬರ ಬಾಯಿಮಾತು ನಂಬಿ ಎರಡು ತಿಂಗಳು ಎಲ್ಲರೂ ದುಡಿದರು. ಕೊನೆಗೆ, ನಿಮ್ಮನ್ನು ಕರೆದವರು ಯಾರು, ಆದೇಶ ಎಲ್ಲಿ ಎಂದು ಆಫೀಸು ಕೇಳಿತು. ಎರಡು ತಿಂಗಳ ಬೆವರು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಅದಕ್ಕೇ ಈ ಸಲ ಪೇಟೆಯ ಗಣಪತಿ ಗುಡಿಯಲ್ಲಿ ನಲವತ್ತನಾಲ್ಕು ಜನವೂ ಸೇರಿ, ಬರಹದಲ್ಲಿ ಆದೇಶ ಬರುವ ತನಕ ಯಾರೂ ಗೇಟು ಮುಟ್ಟುವುದಿಲ್ಲ ಎಂದು ಕರ್ಪೂರ ಮುಟ್ಟಿ ಆಣೆ ಮಾಡಿದರು. ಎಲ್ಲರಿಗಿಂತ ಮೊದಲು ಮುಟ್ಟಿದವನು ಸುಬ್ರಹ್ಮಣ್ಯ. ಅವನ ಹಿಂದೆ ನಿಂತು ಮುಟ್ಟಿದವನು ತಿಮ್ಮರಾಜು.

ತಿಮ್ಮರಾಜು ಅದೇ ಊರಿನವನು. ಅರ್ಧ ಎಕರೆ ಗದ್ದೆ, ಒಂದು ಹಸು, ಹೆಂಡತಿ ಸಹನ, ಮೂರನೇ ಕ್ಲಾಸಿನ ಮಗಳು ಚಿನ್ನು. ಆರು ವರ್ಷದಿಂದ ಸುಬ್ರಹ್ಮಣ್ಯನ ಜೊತೆ ಒಂದೇ ಗೇಟಿನಲ್ಲಿ ಕೆಲಸ. ಅದು ಹಳ್ಳದ ಗೇಟು. ನಾಲೆಯಲ್ಲಿ ನೀರು ಮಿತಿ ಮೀರಿದಾಗ ಅದನ್ನು ಎತ್ತಿ ಹೆಚ್ಚಿನ ನೀರನ್ನು ಪಕ್ಕದ ಹಳ್ಳಕ್ಕೆ ಬಿಡಬೇಕು. ಬಿಡದಿದ್ದರೆ ಏರಿ ಒಡೆಯುತ್ತದೆ. ಏರಿಯ ಕೆಳಗೆ ಇಪ್ಪತ್ತಾರು ಮನೆಗಳಿವೆ. ಗೇಟು ಎತ್ತುವಾಗ ಸುಬ್ರಹ್ಮಣ್ಯ ಮೇಲೆ ಚಕ್ರ ತಿರುಗಿಸುತ್ತಿದ್ದ, ತಿಮ್ಮರಾಜು ಕೆಳಗೆ ಅಳತೆ ಕಲ್ಲಿನ ಹತ್ತಿರ ನಿಂತು ನೀರು ಎಷ್ಟು ಇಳಿಯಿತೆಂದು ಕೂಗುತ್ತಿದ್ದ. ಆರು ವರ್ಷದಲ್ಲಿ ಒಂದು ದಿನವೂ ಈ ಜಾಗ ಅದಲುಬದಲಾಗಲಿಲ್ಲ.

ಆ ಗೇಟಿನಲ್ಲಿ ಒಂದು ವಿಷವಿತ್ತು. ಗೇಟಿನ ಭಾರಕ್ಕೆ ಚಕ್ರ ಹಿಂದಕ್ಕೆ ಓಡದಂತೆ ಅದರ ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ಕಬ್ಬಿಣದ ತಡೆ ಇರುತ್ತದೆ. ಅದು ಜನವರಿಯಲ್ಲಿ ಮುರಿದಿತ್ತು. ಸುಬ್ರಹ್ಮಣ್ಯ ಎರಡು ಸಲ ಬರೆದು ಕೊಟ್ಟ, ಅನುದಾನ ಇಲ್ಲ ಎಂದರು. ಆಮೇಲೆ ಅವನೇ ಅಪ್ಪನ ಕುಲುಮೆಗೆ ಬೆಂಕಿ ಹಾಕಿ, ಹಳೆಯ ಟ್ರಾಕ್ಟರಿನ ಸರಳು ಕಾಯಿಸಿ, ಮೊದಲಿದ್ದುದರ ಬದಲಿಗೆ ಚಕ್ರಕ್ಕೆ ಸಿಗಿಸಿ ತಿರುಗಿಸುವ ಒಂದು ಹ್ಯಾಂಡ್ಲು ಬಡಿದ. ಅದರ ಮೊಣಕೈಯಲ್ಲಿ ಒಂದು ಕೊಕ್ಕೆ. ಹತ್ತು ಸುತ್ತಿಗೊಮ್ಮೆ ಆ ಕೊಕ್ಕೆಯನ್ನು ಚೌಕಟ್ಟಿನ ತೂತಿಗೆ ಸಿಗಿಸಿದರೆ ಗೇಟು ಅಲ್ಲೇ ನಿಲ್ಲುತ್ತದೆ, ಕೈ ಬಿಟ್ಟು ಬೀಡಿ ಸೇದಬಹುದು. ಆ ಕೊಕ್ಕೆ ಇಲ್ಲದೆ ಎತ್ತಿದರೆ, ಕೈ ಜಾರಿದ ಕ್ಷಣ ಚಕ್ರ ಹುಚ್ಚೆದ್ದು ಹಿಂದಕ್ಕೆ ಸುತ್ತುತ್ತದೆ.

ಇದನ್ನು ಅವನು ತಿಮ್ಮರಾಜುವಿಗೆ ಹೇಳಿರಲಿಲ್ಲ. ತಡೆ ಮುರಿದದ್ದನ್ನೂ ಹೇಳಿರಲಿಲ್ಲ, ಕೊಕ್ಕೆಯ ಗುಟ್ಟನ್ನೂ ಹೇಳಿರಲಿಲ್ಲ. ಕೆಟ್ಟತನದಿಂದಲ್ಲ. ಕಸುಬಿನವರ ಮನೆಯ ಚಾಳಿ ಅದು. ಕಬ್ಬಿಣಕ್ಕೆ ಹದ ಕೊಡುವ ಹೊತ್ತಿಗೆ ಅವನಪ್ಪ ಗಿರಾಕಿಯನ್ನು ನೀರು ತರಲು ಕಳಿಸುತ್ತಿದ್ದ, ನೋಡಿಬಿಟ್ಟಾನು ಎಂದು. ಮಗನಿಗೆ ಕುಲುಮೆಯ ಆದಾಯ ಉಳಿಯಲಿಲ್ಲ, ಈ ಚಾಳಿ ಮಾತ್ರ ಉಳಿಯಿತು.

ಒಂದನೇ ತಾರೀಖು ಬೀಗದ ಕೈಗಳನ್ನು ಆಫೀಸಿನ ಮೇಜಿನ ಮೇಲಿಟ್ಟು, ಹ್ಯಾಂಡ್ಲನ್ನು ಟಿವಿಎಸ್ಸಿಗೆ ಕಟ್ಟಿಕೊಂಡು ಅವನು ಮನೆಗೆ ಬಂದ. ‘ಬೀಗ ಸರ್ಕಾರದ್ದು, ಹ್ಯಾಂಡ್ಲು ನಂದು’ ಎಂದು ಹೆಂಡತಿ ರಾಧಾಮಣಿಗೆ ಹೇಳಿ ಅದನ್ನು ಅಟ್ಟಕ್ಕೆ ಹಾಕಿದ. ಬರಲಿ, ಆಫೀಸಿನವರೇ ಮನೆ ಬಾಗಿಲಿಗೆ ಬಂದು ಕೇಳಲಿ, ಆಗ ಮೂರು ತಿಂಗಳ ಸಂಬಳವೂ ಬರುತ್ತದೆ, ಆದೇಶವೂ ಬರುತ್ತದೆ ಎಂಬುದು ಅವನ ಲೆಕ್ಕ. ನಿಜ ಹೇಳಬೇಕೆಂದರೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ತಾನೂ ಒಬ್ಬ ಮನುಷ್ಯ ಅನ್ನಿಸಿತ್ತು.

ಹತ್ತೊಂಬತ್ತಕ್ಕೆ ಮಳೆ ಹಿಡಿಯಿತು. ನಾಗಮಂಗಲದ ಕಡೆಯಿಂದ ಬಂದ ಮೋಡ ಕದಲಲೇ ಇಲ್ಲ. ಇಪ್ಪತ್ತಮೂರರ ಬೆಳಿಗ್ಗೆ ರಾಧಾಮಣಿ ಬಾವಿಗೆ ಹೋದವಳು ಖಾಲಿ ಕೊಡ ಹಿಡಿದು ವಾಪಸು ಬಂದಳು, ನೀರು ರಾಡಿಯಾಗಿತ್ತು. ಮುಕ್ಕಾಲು ಮೈಲಿ ದೂರದ ನಾಲೆಯ ಸದ್ದು ಯಾವತ್ತೂ ಮನೆಗೆ ಕೇಳುತ್ತಿರಲಿಲ್ಲ. ಆವತ್ತು ಕೇಳಿತು. ಗದ್ದೆಯ ಕೊಕ್ಕರೆಗಳೆಲ್ಲ ಬಂದು ಊರ ರಸ್ತೆಯ ಮೇಲೆ ನಿಂತಿದ್ದವು, ಓಡಿಸಿದರೂ ಹೋಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಫೋನು ಬಂತು. ಮಾಡಿದವನು ಸುರೇಂದ್ರ, ನಾಲೆ ಆಫೀಸಿನ ವರ್ಕ್ ಇನ್‌ಸ್ಪೆಕ್ಟರು, ಪರ್ಮನೆಂಟು.

“ಸುಬ್ರಮಣ್ಯ, ಹಳ್ಳದ ಗೇಟು ಎರಡಡಿ ಎತ್ತಬೇಕು ಕಣಪ್ಪ. ನೀರು ಏರಿ ತಲೆಗೆ ಬತ್ತಾ ಅದೆ.”

“ಆರ್ಡರ್ ಕೊಡಿ ಸಾರ್, ಈಗ್ಲೇ ಬತ್ತೀನಿ.”

“ಆರ್ಡರ್ ಎಲ್ಲಿಂದ ತರ್ಲಿ? ಬಾಯಲ್ಲಿ ಹೇಳ್ತಾ ಇಲ್ವಾ?”

“ಬಾಯಲ್ಲಿ ಏಳಿದ್ನ ನಾಕು ವರ್ಸದ ಇಂದೇನೂ ಕೇಳಿದ್ದೆ. ಒಂದು ವಾಟ್ಸಾಪ್ ಮೆಸೇಜಾದ್ರೂ ಆಕಿ.”

“ಮೆಸೇಜ್ ಹಾಕಿದ್ರೆ ನನ್ನ ಕೆಲಸ ಹೋಯ್ತದೆ ಕಣಯ್ಯಾ.”

“ಆಕ್ದಿದ್ರೆ ನಂದು ಓಯ್ತದೆ ಸಾರ್.”

ಸುರೇಂದ್ರನ ದನಿ ಬದಲಾಯಿತು. “ಆಯ್ತು ಬಿಡು. ನೀನೊಬ್ಬನೇ ಇರೋದಾ ಊರಲ್ಲಿ?”

“ಕೇಳಿ ಸಾರ್, ಯಾರ್ನ ಬೇಕಾದ್ರೂ ಕರ್ಕೊಂಡೋಗಿ. ನನ್ನ ಹ್ಯಾಂಡ್ಲಿಲ್ದೆ ಆ ಗೇಟು ಒಂದಿಂಚು ಎದ್ರೆ ನನ್ನೆಸ್ರು ಬದ್ಲಾಯ್ಸಿ.”

ಫೋನು ಇಟ್ಟಾಗ ಅವನಿಗೆ ಒಳಗೊಳಗೇ ಖುಷಿಯಾಯಿತು. ಎಷ್ಟು ದಿನದಿಂದ ಕಾಯುತ್ತಿದ್ದ ಮಾತು ಅದು. ಇನ್ನು ಎರಡು ತಾಸಿನಲ್ಲಿ ಸಾಹೇಬರ ಜೀಪು ಕಾಗದ ಹಿಡಿದು ಬರುತ್ತದೆ ಎಂದು ಅಟ್ಟದಿಂದ ಹ್ಯಾಂಡ್ಲು ಇಳಿಸಿ, ತುಕ್ಕು ಒರೆಸಿ, ಎಣ್ಣೆ ಹಚ್ಚಿ ಜಗಲಿಯ ಮೇಲಿಟ್ಟ. ಬೆಕ್ಕಿಗೆ ಗಂಟೆ ಕಟ್ಟಿದೆನೆಂದು ಹಿಗ್ಗುವವನಿಗೆ ಬೆಕ್ಕಿನ ಬುದ್ಧಿ ಗೊತ್ತಿರುವುದಿಲ್ಲ.

ಮೂರು ಗಂಟೆಗೆ ಬಂದದ್ದು ಜೀಪಲ್ಲ, ತಿಮ್ಮರಾಜು. ಗೊಬ್ಬರದ ಚೀಲ ತಲೆಗೆ ಹಾಕಿಕೊಂಡು, ಮೊಣಕಾಲಿನ ತನಕ ಕೆಸರಾಗಿ, ಮಳೆಯಲ್ಲೇ ನಿಂತ. ಜಗಲಿ ಹತ್ತಲಿಲ್ಲ. ಮುಖ ನೋಡಿ ಮಾತಾಡಲೂ ಇಲ್ಲ.

“ಸುಬ್ಬಣ್ಣ, ಹ್ಯಾಂಡ್ಲು ಕೊಡಣ್ಣ.”

“ಯಾಕ್ಲಾ?”

“ಸುರೇಂದ್ರ ಸಾಹೇಬ್ರು ಫೋನ್ ಮಾಡಿದ್ರು. ಗೇಟು ಎತ್ತು ಅಂದ್ರು.”

“ಕರ್ಪೂರ ಮುಟ್ಟಿದ್ದು ಮರ್ತ್ಬುಟ್ಯಾ?”

“ಮರ್ತಿಲ್ಲ ಕಣಣ್ಣ. ಒಸಾ ಲಿಸ್ಟಲ್ಲಿ ಅರ್ಧ ಜನಾನ ಕೈಬುಡ್ತಾರಂತೆ. ನೀನು ಇವತ್ತು ಬಂದ್ರೆ ನಿನ್ನೆಸ್ರು ಮೊದ್ಲು ಬರೀತೀನಿ ಅಂದ್ರು.” ಸ್ವಲ್ಪ ತಡೆದು ಹೇಳಿದ: “ಚಿನ್ನೂನ ಸ್ಕೂಲ್ ವ್ಯಾನು ಬುಡ್ಸಿ ತಿಂಗಳಾಯ್ತು. ದಿನಾ ಮೂರು ಮೈಲಿ ನಡೀತಾಳೆ. ನಂಗೆ ಇನ್ನೇನೂ ತೋಚ್ನಿಲ್ಲ.”

ಸುಬ್ರಹ್ಮಣ್ಯನಿಗೆ ಕಿವಿಯ ತನಕ ಬಿಸಿಯೇರಿತು. ಮೊದಲು ಬರೀತಾರಂತೆ! ಒಂಬತ್ತು ವರ್ಷ ಹನ್ನೊಂದು ತಿಂಗಳು ದುಡಿದವನು ತಾನು, ಮೊನ್ನೆ ಬಂದ ಇವನ ಹೆಸರು ಮೊದಲು. ಅದಕ್ಕೆ ತನ್ನದೇ ಹ್ಯಾಂಡ್ಲು ಬೇಕು.

“ಅದು ನಮ್ಮಪ್ಪನ ಕುಲುಮೇಲಿ ಬಡ್ದಿದ್ದು ಕಣ್ಲಾ. ಸರ್ಕಾರದ್ದೂ ಅಲ್ಲ, ನಿಂದೂ ಅಲ್ಲ. ಓಗು, ನಿನ್ನ ಸಾಹೇಬ್ರನ್ನೇ ಕೇಳು.”

ತಿಮ್ಮರಾಜು ಜಗಲಿಯ ಮೇಲೆ ಹೊಳೆಯುತ್ತಿದ್ದ ಹ್ಯಾಂಡ್ಲನ್ನು ಒಂದು ಸಲ ನೋಡಿದ. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ.

“ಆಯ್ತು ಬುಡಣ್ಣ. ಪಂಪ್‌ಸೆಟ್ ರಿಪೇರಿಯವ್ನತ್ರ ಪೈಪ್ ರೆಂಚ್ ಅದೆ. ಅದ್ರಲ್ಲೇ ತಿರುಗಿಸ್ತೀನಿ.”

ಆಗ ಹೇಳಬೇಕಿತ್ತು. ತಡೆ ಮುರಿದಿದೆ ಕಣ್ಲಾ, ರೆಂಚು ಹಾಕಬೇಡ, ಕೈ ಜಾರಿದರೆ ಸಾಯ್ತೀಯ. ಎಷ್ಟು ಮಾತು ಅದು? ನಾಲಿಗೆಯ ತುದಿಗೆ ಬಂದೂ ಇತ್ತು. ಸುಬ್ರಹ್ಮಣ್ಯ ಅದನ್ನು ನುಂಗಿದ. ಹತ್ತು ಸುತ್ತು ತಿರುಗಿಸಿ ರಟ್ಟೆ ಸೋತು ವಾಪಸು ಬರಲಿ, ಆಗ ಗೊತ್ತಾಗುತ್ತದೆ ಯಾರ ಹೆಸರು ಮೊದಲು ಎಂದುಕೊಂಡ. ಮನುಷ್ಯನ ಹೊಟ್ಟೆಕಿಚ್ಚು ಇಷ್ಟೇ ಸಣ್ಣದಾಗಿರುತ್ತದೆ.

ತಿಮ್ಮರಾಜು ಚೀಲ ಸರಿಮಾಡಿಕೊಂಡು ಹೊರಟುಹೋದ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ರಾಧಾಮಣಿ ಹೊರಗೆ ಬಂದಳು.

“ಗೇಟಲ್ಲಿ ಅದೇನೋ ಮುರ್ದೋಗದೆ ಅಂತಿದ್ರಲ್ಲ, ಅವ್ನಿಗೆ ಏಳಿದ್ರಾ?”

“ಕೈ ಸೋತು ತಾನೇ ಬತ್ತಾನೆ ಬುಡು.”

“ಅವ್ನು ಸೋತು ಬರೋ ಆಸಾಮಿ ಅಲ್ಲ ಕಣ್ರೀ. ಓಗ್ಬುಟ್ಟು ಏಳ್ಬುಟ್ಟು ಬನ್ನಿ.”

“ಒಳೀಕೆ ಓಗೇ ನೀನು.”

ಅವಳು ಹೋಗಲಿಲ್ಲ. ಕಂಬಕ್ಕೆ ಒರಗಿ ಅಲ್ಲೇ ನಿಂತಳು. ಇವನು ಎದ್ದು ಕೂತು ಮಾಡಿದ, ಬೀಡಿ ಹಚ್ಚಿದ, ಅದು ಮಳೆಯ ಥಂಡಿಗೆ ಆರಿತು. ನಾಲ್ಕಾಯಿತು. ತಿಮ್ಮರಾಜು ಬರಲಿಲ್ಲ. ನಾಲೆಯ ಸದ್ದು ದಪ್ಪವಾಗುತ್ತಾ ಬಂತು. ನಾಲ್ಕೂವರೆಗೆ ಆ ಸದ್ದಿನ ನಡುವೆ ಏನೋ ಒಂದು ಕೂಗು ಕೇಳಿದ ಹಾಗಾಯಿತು, ಒಂದೇ ಸಲ. ಕೊಕ್ಕರೆಗಳು ರಸ್ತೆಯಿಂದ ಒಟ್ಟಿಗೇ ಎದ್ದವು.

“ನಿಮ್ಗೂ ಕೇಳುಸ್ತಾ?” ಎಂದಳು ರಾಧಾಮಣಿ.

ಅವನು ಹ್ಯಾಂಡ್ಲನ್ನು ಟಿವಿಎಸ್ಸಿಗೆ ಕಟ್ಟಲೂ ನಿಲ್ಲಲಿಲ್ಲ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೊರಟ.

ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಎದುರಿಗೆ ಒಂದು ಟ್ರಾಕ್ಟರು ಬಂತು. ಹಗಲಿನಲ್ಲೇ ಲೈಟು ಹಾಕಿಕೊಂಡು, ಕೆಸರು ಎರಚಿಕೊಂಡು ಓಡುತ್ತಿತ್ತು. ಹಿಂದಿನ ಗಾಡಿಯಲ್ಲಿ ನಾಲ್ಕು ಜನ ಮಂಡಿಯೂರಿ ಏನನ್ನೋ ಒತ್ತಿ ಹಿಡಿದಿದ್ದರು. ಎಲ್ಲ ಪರಿಚಯದವರೇ. ಅವರು ಇವನನ್ನು ನೋಡಿದರು, ತೊಡೆಯ ಮೇಲಿದ್ದ ಹ್ಯಾಂಡ್ಲನ್ನೂ ನೋಡಿದರು. ಟ್ರಾಕ್ಟರು ನಿಲ್ಲಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಡುವಾಗ ಗಾಡಿಯ ಹಲಗೆಯ ಹೊರಗೆ ತೂಗುತ್ತಿದ್ದ ಒಂದು ಬರಿಗಾಲು ಅವನಿಗೆ ಕಂಡಿತು. ಮೊಣಕಾಲಿನ ತನಕ ಕೆಸರು.

ಗೇಟಿನ ಹತ್ತಿರ ಮುದುಕ ಚಿಕ್ಕಸ್ವಾಮಿ ಒಬ್ಬನೇ ಛತ್ರಿ ಹಿಡಿದು ನಿಂತಿದ್ದ. ಏರಿಯ ಕೆಳಗಿನ ಮೊದಲ ಮನೆ ಅವನದು.

“ಒಂದಡಿ ಎತ್ಬುಟ್ಟಿದ್ದ ಕಣಾಚಾರ್ರೇ,” ಎಂದ. “ಒಂದಡಿ. ಅಬ್ಬಾ ಅಂತ ಮುಖದ ಮಳೆ ಒರಸ್ಕೊಳ್ಳಕ್ಕೆ ಒಂದು ಕೈ ತಗ್ದ. ಅಷ್ಟೆಯಾ. ಚಕ್ರ ರುಮ್ಮಂತ ತಿರುಗ್ತು. ರೆಂಚು ಬಂದು ಇಲ್ಲಿಗೆ ಒಡೀತು.” ತನ್ನ ಕಪಾಳವನ್ನು ಮುಟ್ಟಿ ತೋರಿಸಿದ. “ಅದಕ್ಕೆ ಅಡ್ಡ ಏನೂ ಇರ್ನಿಲ್ವಾ ಆಚಾರ್ರೇ? ಇಷ್ಟು ವರ್ಸ ನೀವು ಎಂಗೆ ಎತ್ತಿದ್ರಿ?”

ಗೇಟು ಪೂರಾ ಬಿದ್ದು ಮುಚ್ಚಿತ್ತು. ನೀರು ಏರಿಯ ತಲೆಗೆ ಒಂದು ಗೇಣು ಕೆಳಗಿತ್ತು, ಅಲ್ಲಲ್ಲಿ ಮಣ್ಣು ಕಳಚಿ ಬೀಳುತ್ತಿತ್ತು. ಸುಬ್ರಹ್ಮಣ್ಯ ಮೇಲೆ ಹತ್ತಿದ. ರೆಂಚನ್ನು ತೆಗೆದು ಪಕ್ಕಕ್ಕಿಟ್ಟ. ಹ್ಯಾಂಡ್ಲು ಸಿಗಿಸಿದ. ಹತ್ತು ಸುತ್ತು, ಕೊಕ್ಕೆ. ಮತ್ತೆ ಹತ್ತು ಸುತ್ತು, ಕೊಕ್ಕೆ. ಕೆಳಗೆ ಅಳತೆ ಕಲ್ಲಿನ ಹತ್ತಿರ ಕೂಗಿ ಹೇಳುವವರು ಯಾರೂ ಇರಲಿಲ್ಲ. ಎರಡಡಿ ಎದ್ದಾಗ ನೀರು ಗರ್ಜಿಸಿಕೊಂಡು ಹಳ್ಳಕ್ಕೆ ನುಗ್ಗಿತು. ಇಪ್ಪತ್ತಾರು ಮನೆಗಳೂ ಉಳಿದವು. ಎಲ್ಲ ಸೇರಿ ಕಾಲು ಗಂಟೆಯ ಕೆಲಸ, ರಟ್ಟೆ ನೋಯಲೂ ಇಲ್ಲ.

ತಿಮ್ಮರಾಜು ದಾರಿಯಲ್ಲೇ ಸತ್ತಿದ್ದ.

ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ತಾಲ್ಲೂಕು ಆಸ್ಪತ್ರೆಯ ಶವಾಗಾರದ ಮುಂದೆ ಬೇವಿನ ಮರದ ಕೆಳಗೆ ಜನ ಸೇರಿದ್ದರು. ಸಹನ ಕಟ್ಟೆಯ ಮೇಲೆ ಕೂತಿದ್ದಳು, ಚಿನ್ನು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಸ್ವಲ್ಪ ದೂರದಲ್ಲಿ ಹೆಡ್ ಕಾನ್‌ಸ್ಟೇಬಲ್ ಒಂದು ಮೇಜು ಹಾಕಿಸಿಕೊಂಡು ಬರೆಯುತ್ತಿದ್ದ. ಸುರೇಂದ್ರ ಸುಬ್ರಹ್ಮಣ್ಯನ ಹೆಗಲ ಮೇಲೆ ಕೈ ಹಾಕಿ ಕಾಂಪೌಂಡಿನ ಮೂಲೆಗೆ ಕರೆದುಕೊಂಡು ಹೋದ. ಅವನ ಕೈಯಲ್ಲಿ ಪೊಲೀಸರಿಗೆ ಕೊಡಲು ಟೈಪು ಮಾಡಿದ ಒಂದು ಹಾಳೆಯಿತ್ತು.

‘ಒಂದನೇ ತಾರೀಖಿನಿಂದ ನಾವ್ಯಾರೂ ಇಲಾಖೆಯ ಕೆಲಸದಲ್ಲಿ ಇರುವುದಿಲ್ಲ. ಮೃತ ತಿಮ್ಮರಾಜು ಮೀನು ಹಿಡಿಯಲು ಸ್ವಂತ ಇಚ್ಛೆಯಿಂದ ನಾಲೆಯ ಬಳಿ ಹೋಗಿದ್ದಾಗಿ ತಿಳಿದುಬಂದಿರುತ್ತದೆ.’ ಕೆಳಗೆ ಜೊತೆಯ ಏಳು ಜನರ ಸಹಿ ಆಗಲೇ ಬಿದ್ದಿತ್ತು. ಎಲ್ಲ ಕರ್ಪೂರ ಮುಟ್ಟಿದ ಕೈಗಳೇ.

“ನೋಡು, ರಾತ್ರಿನೇ ಮೇಲಿಂದ ನೀತಿ ಸಂಹಿತೆಗೆ ವಿನಾಯ್ತಿ ಬಂದದೆ,” ಎಂದ ಸುರೇಂದ್ರ, ಮೆಲ್ಲಗೆ. “ಸೋಮವಾರ ಆದೇಶ ಆಯ್ತದೆ. ಬಾಕಿ ಸಂಬಳಾನೂ ಬತ್ತದೆ. ಇವನು ಡ್ಯೂಟಿ ಮೇಲೆ ಸತ್ತ ಅಂದ್ರೆ ಡ್ಯೂಟಿಗೆ ಕರೆದೋರು ಯಾರು ಅಂತ ಶುರುವಾಯ್ತದೆ, ಎಲ್ಲಾ ನಿಂತೋಯ್ತದೆ. ನಿಂಗೆ ಹತ್ತು ವರ್ಷಕ್ಕೆ ಇನ್ನೊಂದು ತಿಂಗಳು ತಾನೆ?”

“ನೀವು ಫೋನ್ ಮಾಡಿದ್ರಲ್ಲ ಸಾರ್.”

“ಮಾಡ್ದೆ. ಗೇಟಿನತ್ರ ಹೋಗ್ಬೇಡಿ ಅನ್ನಕ್ಕೆ ಮಾಡ್ದೆ. ನೀನೂ ಇಲ್ಲ ಅನ್ನಲ್ವಲ್ಲ?” ಅವನು ಪೆನ್ನು ಚಾಚಿದ. “ಇನ್ನೊಂದು ಮಾತು. ಸರ್ಕಾರಿ ಗೇಟಿನ ಸಾಮಾನು ಮನೇಲಿ ಬಚ್ಚಿಟ್ಟಿದ್ದೆ ಅಂತ ಗೊತ್ತಾದ್ರೆ ನಿನ್ನ ಮೇಲೂ ಕೇಸಾಯ್ತದೆ. ನಾನು ಬಾಯಿ ಬಿಟ್ಟಿಲ್ಲ.”

ಸುಬ್ರಹ್ಮಣ್ಯ ಪೆನ್ನು ತೆಗೆದುಕೊಂಡ. ತಿಮ್ಮರಾಜುವನ್ನು ಕರೆದದ್ದು ಗೊತ್ತಿರುವುದು ಸುರೇಂದ್ರನನ್ನು ಬಿಟ್ಟರೆ ಈ ಲೋಕದಲ್ಲಿ ತನಗೆ ಮತ್ತು ರಾಧಾಮಣಿಗೆ ಮಾತ್ರ. ಆ ಅರ್ಧವನ್ನಷ್ಟೇ ಹೇಳಿ ಪಾರಾಗೋಣವೆಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಮನೆಗೆ ಬಂದಿದ್ದ ಎನ್ನಬೇಕು. ಯಾಕೆ ಬಂದಿದ್ದ ಎನ್ನುತ್ತಾರೆ. ಒಂದು ಎಳೆ ಎಳೆದರೆ ಪೂರಾ ಸೀರೆ ಬಿಚ್ಚಿಕೊಳ್ಳುತ್ತದೆ. ಏಳು ಸಹಿಗಳ ಕೆಳಗೆ ಖಾಲಿ ಜಾಗವಿತ್ತು. ಅವನು ಗೋಡೆಗೆ ಹಾಳೆ ಒತ್ತಿ ಹಿಡಿದು ‘ಸು’ ಎಂದು ಬರೆದ.

“ಸುಬ್ಬಣ್ಣ.”

ತಿರುಗಿದರೆ ಸಹನ. ಮಗುವನ್ನು ಯಾರ ಕೈಗೋ ಕೊಟ್ಟು ಎದ್ದು ಬಂದಿದ್ದಳು. ಅತ್ತು ಅತ್ತು ದನಿ ಒಡೆದಿತ್ತು.

“ಮೀನಿಡಿಯಕ್ಕೆ ಓಗಿದ್ರು ಅಂತ ಬರೀತಾವ್ರಂತಲ್ಲಣ್ಣ. ನಮ್ಮನೇಲಿ ಒಂದು ಗಾಳಾನೂ ಇಲ್ವಲ್ಲ. ಅವ್ರು ಮೀನು ತಿನ್ನೋರೂ ಅಲ್ಲ. ಆರು ವರ್ಸ ಜೊತೇಲಿದ್ರಿ, ನಿಮಗೆ ಗೊತ್ತಿಲ್ವಾ?”

ಸುರೇಂದ್ರ ಆಕಾಶ ನೋಡಿದ. ಸುಬ್ರಹ್ಮಣ್ಯ ‘ಸು’ ಎಂಬ ಅಕ್ಷರವನ್ನು ಹೊಡೆದುಹಾಕಿದ. ಅದರ ಕೆಳಗೆ, ಗೋಡೆಯ ಒರಟಿಗೆ ಅಕ್ಷರ ಸೊಟ್ಟವಾದರೂ, ನಿಧಾನಕ್ಕೆ ಬರೆಯುತ್ತಾ ಹೋದ. ಸುರೇಂದ್ರ ಬಗ್ಗಿ ಓದಿದವನು “ಹಾಳಾಗೋದೆ ಕಣೋ ನೀನು, ಎಲ್ಲರ ಅನ್ನಕ್ಕೂ ಮಣ್ಣು ಹಾಕ್ದೆ” ಎಂದು ಹಾಳೆಗೆ ಕೈ ಹಾಕಿದ. ಅಷ್ಟರಲ್ಲಿ ಸುಬ್ರಹ್ಮಣ್ಯ ಅದನ್ನು ಸಹನಳ ಕೈಗೆ ಕೊಟ್ಟಿದ್ದ.

ಸಹನ ಪಿಯುಸಿ ಓದಿದವಳು. ತುಟಿ ಅಲ್ಲಾಡಿಸುತ್ತಾ ಓದಿದಳು. ‘ತಿಮ್ಮರಾಜು ಮೀನು ಹಿಡಿಯಲು ಹೋಗಿರಲಿಲ್ಲ. ಇನ್‌ಸ್ಪೆಕ್ಟರ್ ಸುರೇಂದ್ರ ಅವರು ಫೋನು ಮಾಡಿ ಕರೆದದ್ದಕ್ಕೆ ಗೇಟು ಎತ್ತಲು ಸರ್ಕಾರಿ ಕೆಲಸಕ್ಕೆ ಹೋದ. ಮೊದಲು ನನ್ನನ್ನು ಕರೆದಿದ್ದರು.’ ಅಷ್ಟು ಓದಿದವಳ ಕಣ್ಣು ತುಂಬಿ ಬಂತು. ಹಾಳೆಯ ಸಮೇತ ಎರಡೂ ಕೈ ಎತ್ತಿ ಅವನಿಗೆ ಮುಗಿಯಲು ಹೋದಳು.

“ಪೂರ್ತಿ ಓದವ್ವ,” ಎಂದ ಸುಬ್ರಹ್ಮಣ್ಯ.

ಅವಳು ಓದಿದಳು. ‘ಮಧ್ಯಾಹ್ನ ಮೂರಕ್ಕೆ ನನ್ನ ಮನೆಗೆ ಬಂದು ಹ್ಯಾಂಡ್ಲು ಕೇಳಿದ. ನಾನು ಕೊಡಲಿಲ್ಲ. ಗೇಟಿನ ತಡೆ ಮುರಿದಿರುವುದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.’ ಕೆಳಗೆ ಪೂರಾ ಹೆಸರು, ತಂದೆಯ ಹೆಸರು, ಊರು.

ಎತ್ತಿದ ಕೈಗಳು ಕೆಳಗಿಳಿದವು. ಅವಳು ಆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು.

“ಗೊತ್ತಿದ್ದೂ ಯಾಕಣ್ಣ ಏಳ್ನಿಲ್ಲ?”

ಆಣೆಯ ಮಾತು ಹೇಳಬಹುದಿತ್ತು. ಬಾರದ ಸಂಬಳ, ಹತ್ತು ವರ್ಷ, ಗೋಡೆಯ ಮೇಲಿನ ಕಾಗದ, ಎಲ್ಲವೂ ನಿಜವೇ ಆಗಿತ್ತು.

“ಅವ್ನೆಸ್ರು ಮೊದ್ಲು ಬರೀತಾರೆ ಅಂದ್ರು ಕಣವ್ವ,” ಎಂದ. “ಅದಕ್ಕೆ.”

ಸಹನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. ಅವನ ಪಕ್ಕದಲ್ಲೇ ಹಾದು, ಒಮ್ಮೆಯೂ ತಿರುಗಿ ನೋಡದೆ, ಹೆಡ್ ಕಾನ್‌ಸ್ಟೇಬಲ್ ಕೂತಿದ್ದ ಮೇಜಿನ ಕಡೆ ನಡೆದಳು.